ಟಿ.ಎಸ್.ಎಚ್. ಏರಿದೆ ಎಂದರೇನು?

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಮೊದಲು ಹುಡುಕುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯನ್ನು. ಥೈರಾಯ್ಡ್ ವರದಿಯಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿರುತ್ತವೆ: ಟಿ3, ಟಿ4, ಟಿ.ಎಸ್.ಎಚ್. ಮೂರನೆಯದರ ಮುಂದೆ 18 ಎಂದಿದ್ದು, ಪಕ್ಕದಲ್ಲಿ 0.4ರಿಂದ 4 ಎಂಬ ಮಿತಿ ಕೊಟ್ಟಿದ್ದರೆ ಸಾಕು, ‘ಥೈರಾಯ್ಡ್ ಜಾಸ್ತಿಯಾಗಿದೆಯಂತೆ’ ಎಂಬ ಸುದ್ದಿ ಸಂಜೆಯೊಳಗೆ ನೆಂಟರ ಮನೆ ತಲಪಿರುತ್ತದೆ. ನಿಜಸ್ಥಿತಿ ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧ. ಅಲ್ಲಿ ಥೈರಾಯ್ಡ್ ಗ್ರಂಥಿ ಸೋಲತೊಡಗಿದೆ.

ಈ ಗೊಂದಲ ಬಿಡಿಸಿಕೊಳ್ಳಲು ಟಿ.ಎಸ್.ಎಚ್. ಎಲ್ಲಿ ಹುಟ್ಟುತ್ತದೆ ಎಂದು ತಿಳಿದರೆ ಸಾಕು. ಅದು ಥೈರಾಯ್ಡಿನ ಸರಕೇ ಅಲ್ಲ. ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಆತುಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯಂತಿರುವ ಥೈರಾಯ್ಡ್ ಸುಮಾರು 20 ಗ್ರಾಂ ತೂಗುತ್ತದೆ. ಆಹಾರದ ಅಯೋಡಿನನ್ನು ಹೀರಿಕೊಂಡು ಅದು ತಯಾರಿಸುವುದು ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನುಗಳನ್ನು. ಹೆಸರಿನ ಮುಂದಿನ ಅಂಕಿ ಅಯೋಡಿನ್ ಪರಮಾಣುಗಳ ಲೆಕ್ಕ. ಗ್ರಂಥಿಯಿಂದ ಹೊರಬೀಳುವುದರಲ್ಲಿ ಹೆಚ್ಚಿನ ಪಾಲು ಟಿ4, ಅಂದರೆ ಥೈರಾಕ್ಸಿನ್. ಅದು ಅಂಗಾಂಶಗಳಲ್ಲಿ ಒಂದು ಅಯೋಡಿನ್ ಕಳಚಿಕೊಂಡು ಟಿ3 ಆಗಿ ಕೆಲಸಕ್ಕಿಳಿಯುತ್ತದೆ. ಟಿ.ಎಸ್.ಎಚ್. ಬರುವುದು ಮಿದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವುದೇ ಅದರ ಉದ್ಯೋಗ.

ಎತ್ತಿನಗಾಡಿಯನ್ನು ನೆನೆಯಬಹುದು. ಎತ್ತು ಚೆನ್ನಾಗಿ ಎಳೆಯುತ್ತಿದ್ದರೆ ಹೊಡೆಯುವವನು ಸುಮ್ಮನೆ ಕುಳಿತಿರುತ್ತಾನೆ. ಎತ್ತು ದಣಿದಷ್ಟೂ ಅವನ ಕೂಗು ಏರುತ್ತದೆ, ಬಾರುಕೋಲು ಮೇಲೇಳುತ್ತದೆ. ಟಿ.ಎಸ್.ಎಚ್. ಅಳೆಯುವುದೆಂದರೆ ಎತ್ತಿನ ಬಲವನ್ನಲ್ಲ, ಗಾಡಿಯವನ ಕೂಗನ್ನು ಅಳೆದಂತೆ. ಈ ಗಾಡಿಯವನು ಬಹಳ ಸೂಕ್ಷ್ಮದವನು ಕೂಡ. ರಕ್ತದಲ್ಲಿ ಟಿ4 ಅರ್ಧಕ್ಕಿಳಿದರೆ ಟಿ.ಎಸ್.ಎಚ್. ಸುಮಾರು ನೂರು ಪಟ್ಟು ಏರಬಲ್ಲದು ಎಂಬುದು ಪಠ್ಯಪುಸ್ತಕಗಳ ಲೆಕ್ಕ. ಟಿ4 ಇನ್ನೂ ಮಿತಿಯೊಳಗೇ ಇರುವಾಗ ಟಿ.ಎಸ್.ಎಚ್. ಮಿತಿ ದಾಟಿರುವುದು ಇದರಿಂದಲೇ.

ಹೀಗಾಗಿ ಒಂದೇ ಸಾಲನ್ನು ಓದಿ ತೀರ್ಪು ಕೊಡುವಂತಿಲ್ಲ. ಟಿ.ಎಸ್.ಎಚ್. ಮೇಲೆ, ಟಿ4 ಕೆಳಗೆ ಇದ್ದರೆ ಥೈರಾಯ್ಡ್ ಕೊರತೆ ಸ್ಪಷ್ಟ. ಟಿ.ಎಸ್.ಎಚ್. ತೀರ ಕೆಳಗಿಳಿದು ಟಿ4 ಏರಿದ್ದರೆ ಗ್ರಂಥಿ ಅತಿಯಾಗಿ ದುಡಿಯುತ್ತಿದೆ. ಎರಡೂ ಇಳಿದಿದ್ದರೆ ವೈದ್ಯರು ಪಿಟ್ಯುಟರಿಯ ಕಡೆಗೂ ನೋಡುತ್ತಾರೆ. ಹೆಚ್ಚು ಚರ್ಚೆಯಾಗುವುದು ನಡುವಿನ ಸ್ಥಿತಿ: ಟಿ.ಎಸ್.ಎಚ್. 6 ಅಥವಾ 7, ಟಿ4 ಸರಿಯಾಗಿಯೇ ಇದೆ. ಇಂಥವರಲ್ಲಿ ಹಲವರ ಅಂಕಿ ತಾನಾಗಿಯೇ ಇಳಿಯುವುದರಿಂದ ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ. ಅಲ್ಲದೆ ‘ಮಿತಿ’ ಎಂಬುದು ದೇವರು ಗೀಚಿದ ಗೆರೆಯಲ್ಲ. ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿಯ ಅಂಕಿ ಬೀಳುವ ವ್ಯಾಪ್ತಿಯದು. ಉಳಿದ ಐವರೂ ಆರೋಗ್ಯವಂತರೇ.

ಗ್ರಂಥಿ ಸೋಲುವುದೇಕೆ? ಹಿಂದೆ ಅಯೋಡಿನ್ ಅಭಾವ ದೊಡ್ಡ ಕಾರಣವಾಗಿತ್ತು. 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಿ ಗಳಗಂಡ ಇಳಿಯುವುದನ್ನು ತೋರಿಸುವ ಪ್ರಯೋಗ ಆರಂಭಿಸಿದರು. ಅಯೋಡಿನ್ ಉಪ್ಪು ಬಳಕೆಗೆ ಬಂದಿರುವೆಡೆ ಈಗ ಮುಖ್ಯ ಕಾರಣ ಬೇರೆ. ಜಪಾನಿನ ಯುವ ಶಸ್ತ್ರವೈದ್ಯ ಹಕಾರು ಹಷಿಮೊಟೊ 1912ರಲ್ಲೇ ನಾಲ್ವರು ಹೆಂಗಸರ ಗ್ರಂಥಿಗಳಲ್ಲಿ ಬಿಳಿ ರಕ್ತಕಣಗಳು ತುಂಬಿರುವುದನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ವರ್ಣಿಸಿದ್ದ. ಅವು ಅಲ್ಲಿಗೇಕೆ ಬಂದವೆಂದು ಯಾರಿಗೂ ಹೊಳೆಯಲಿಲ್ಲ. ದೇಹ ತನ್ನನ್ನು ತಾನೇ ಹೊಡೆದುಕೊಳ್ಳದು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. 1956ರಲ್ಲಿ, ಅಂದರೆ ಕಾಂಗ್ರಾ ಪ್ರಯೋಗ ಆರಂಭವಾದ ವರ್ಷವೇ, ಲಂಡನ್ನಿನಲ್ಲಿ ರಾಯಿಟ್, ಡೋನಿಯಾಕ್ ಮುಂತಾದವರು ಇಂಥ ರೋಗಿಗಳ ರಕ್ತದಲ್ಲಿ ಥೈರಾಯ್ಡಿನ ವಿರುದ್ಧವೇ ತಯಾರಾದ ಪ್ರತಿಕಾಯಗಳನ್ನು ಕಂಡರು. ಅಮೆರಿಕದಲ್ಲಿ ರೋಸ್ ಮತ್ತು ವಿಟೆಬ್ಸ್ಕಿ ಮೊಲಗಳಲ್ಲಿ ಇದೇ ಬಗೆಯ ರೋಗವನ್ನು ಹುಟ್ಟಿಸಿ ತೋರಿಸಿದರು. ಊರ ಕಾವಲುಗಾರರೇ ಸ್ವಂತ ಮನೆಗೆ ನುಗ್ಗಿದಂತೆ ರೋಗನಿರೋಧಕ ಕಣಗಳು ಗ್ರಂಥಿಯನ್ನು ಮೆಲ್ಲಮೆಲ್ಲನೆ ಕೆಡಹುತ್ತವೆ. ಹೆಂಗಸರಲ್ಲಿ ಇದು ಹೆಚ್ಚು. ‘ಆ್ಯಂಟಿ ಟಿ.ಪಿ.ಓ.’ ಎಂಬ ಪರೀಕ್ಷೆ ಹುಡುಕುವುದು ಇಂಥ ಪ್ರತಿಕಾಯವನ್ನೇ. ಅದು ಒಮ್ಮೆ ಖಚಿತವಾದ ಮೇಲೆ ಪದೇ ಪದೇ ಅಳೆಸಿ ಹಣ ಕಳೆಯುವುದರಿಂದ ಪ್ರಯೋಜನವಿಲ್ಲ. ಮಾತ್ರೆಯ ಪ್ರಮಾಣ ಗೊತ್ತುಮಾಡುವುದು ಆ ಅಂಕಿಯನ್ನು ನೋಡಿ ಅಲ್ಲ.

ಈ ರೋಗ ಕಾಲಿಡುವ ರೀತಿಯೇ ಮೋಸದ್ದು. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಕೂದಲುದುರುವುದು, ಒಣ ಚರ್ಮ, ಮುಟ್ಟಿನಲ್ಲಿ ಅತಿಸ್ರಾವ, ಮಂಕು: ಒಂದೊಂದಕ್ಕೂ ಬೇರೊಂದು ಕಾರಣ ಸಿಗುತ್ತದೆ. ಬೆಳಗ್ಗೆ ಏಳಲಾರದ ಸೊಸೆಗೆ ‘ಸೋಮಾರಿ’ ಎಂಬ ಬಿರುದು ಸಿಕ್ಕಿ ವರ್ಷಗಳೇ ಕಳೆದಿರುತ್ತವೆ.

ಚಿಕಿತ್ಸೆ ಮಾತ್ರ ಸರಳ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು ಒಬ್ಬ ಹೆಂಗಸಿಗೆ ಚುಚ್ಚಿದ. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದಳು. ಇಂದು ಅದರ ಬದಲಿಗೆ ಥೈರಾಕ್ಸಿನ್ ಮಾತ್ರೆ ಇದೆ. ತೊಂದರೆ ಬರುವುದು ಅದನ್ನು ನಿಲ್ಲಿಸುವುದರಿಂದ. ಮಾತ್ರೆ ನುಂಗುತ್ತಿರುವ ಗೃಹಿಣಿಯೊಬ್ಬಳ ಟಿ.ಎಸ್.ಎಚ್. 2.5 ಬಂತೆನ್ನಿ. ‘ನಾರ್ಮಲ್ ಆಯಿತಲ್ಲ, ಇನ್ನೇಕೆ ಮಾತ್ರೆ?’ ಎಂದು ಡಬ್ಬಿ ಮೂಲೆಗೆ ಸೇರುತ್ತದೆ. ಅಂಕಿ ಸರಿಯಾದದ್ದು ಮಾತ್ರೆಯಿಂದಲೇ ಹೊರತು ಕೆಟ್ಟ ಗ್ರಂಥಿ ಚಿಗುರಿದ್ದರಿಂದಲ್ಲ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧವಾಗಲು ಒಂದು ವಾರ ಬೇಕು. ಹಾಗಾಗಿ ಮೊದಲ ಕೆಲವು ದಿನ ಏನೂ ತಿಳಿಯುವುದಿಲ್ಲ, ಆ ನೆಮ್ಮದಿಯೇ ದಾರಿ ತಪ್ಪಿಸುತ್ತದೆ. ಆಕೆ ಗರ್ಭಿಣಿಯಾಗಿದ್ದರಂತೂ ಮಾತು ಗಂಭೀರ. ಮೊದಲ ಮೂರು ತಿಂಗಳು ಮಗುವಿನ ಮಿದುಳಿನ ಬೆಳವಣಿಗೆಗೆ ಸಿಗುವುದು ತಾಯಿಯ ಥೈರಾಕ್ಸಿನ್ ಮಾತ್ರ. ಬಸುರಿನಲ್ಲಿ ಸಾಮಾನ್ಯವಾಗಿ ಮಾತ್ರೆಯನ್ನು ಹೆಚ್ಚಿಸಬೇಕಾಗುತ್ತದೆಯೇ ಹೊರತು ನಿಲ್ಲಿಸುವಂತಿಲ್ಲ. ಗರ್ಭ ನಿಂತದ್ದು ತಿಳಿದ ಕೂಡಲೇ ವೈದ್ಯರನ್ನು ಕಾಣುವುದು ಅದಕ್ಕಾಗಿಯೇ ಅಗತ್ಯ.

ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಾಫಿಗೂ ಇದು ಅನ್ವಯ, ಕಷ್ಟವಾದರೂ ಸರಿಯೇ! ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಥೈರಾಕ್ಸಿನನ್ನು ಹೊಟ್ಟೆಯಲ್ಲೇ ಹಿಡಿದುಬಿಡುವುದರಿಂದ ನಾಲ್ಕು ಗಂಟೆಗಳ ಅಂತರ ಬೇಕು. ಪ್ರಮಾಣ ಬದಲಿಸಿದ ಮೇಲೆ ಹದಿನೈದು ದಿನಕ್ಕೇ ಪರೀಕ್ಷೆಗೆ ಓಡುವುದು ವ್ಯರ್ಥ. ಅಂಕಿ ನೆಲೆಗೊಳ್ಳಲು ಸುಮಾರು ಆರು ವಾರ ಹಿಡಿಯುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೂ ಪ್ರಯೋಗಾಲಯದವರಿಗೂ ಮೊದಲೇ ಹೇಳಬೇಕು. ಕೆಲವು ಬಗೆಯ ಪರೀಕ್ಷೆಗಳಲ್ಲಿ ಬಯೋಟಿನ್ ಟಿ.ಎಸ್.ಎಚ್. ಅನ್ನು ಇದ್ದುದಕ್ಕಿಂತ ಕಡಿಮೆಯಾಗಿಯೂ ಟಿ4 ಅನ್ನು ಹೆಚ್ಚಾಗಿಯೂ ತೋರಿಸುತ್ತದೆ. ಅದನ್ನು ಎರಡು ದಿನ ಮೊದಲೇ ನಿಲ್ಲಿಸಿ ರಕ್ತ ಕೊಟ್ಟರೆ ಈ ಗೊಂದಲ ತಪ್ಪುತ್ತದೆ.