ಮಾತು ಮರಳಿಸುವ ಯಂತ್ರಕ್ಕೆ ಕನ್ನಡ ಕಲಿಸುವವರು ಯಾರು?

ಕೃಷ್ಣ ಶೆಣೈ ಎಂಬ ಹೆಸರು ಕಂಡೊಡನೆ 'ನಮ್ಮವರೇ, ಊರು ಯಾವುದು?' ಎಂದು ವಿಚಾರಿಸುವುದು ಮುಂಬಯಿ ಕನ್ನಡಿಗರ ಸಹಜ ಗುಣ. ಆದರೆ 2023ರ ಜನವರಿಯಲ್ಲಿ ತಮ್ಮ 54ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ಪ್ರಾಧ್ಯಾಪಕರು ಹುಟ್ಟಿ, ಕಲಿತು, ದುಡಿದದ್ದೆಲ್ಲ ಅಮೆರಿಕದಲ್ಲಿ. ಹೆಸರಿನ ನಂಟು ಹುಡುಕಿ ಹೆಮ್ಮೆಪಡುವುದಕ್ಕಿಂತ ಅವರ ಕೆಲಸವನ್ನು ಅರಿಯುವುದು ಮೇಲು. ಆ ಕೆಲಸದ ಫಲ ಇಂದಲ್ಲ ನಾಳೆ ನಮ್ಮ ಮನೆಗಳಿಗೂ ಬರಬಹುದು. ಬಂದಾಗ ಅದು ಯಾವ ಭಾಷೆ ಮಾತನಾಡುತ್ತದೆ ಎಂಬುದೇ ಪ್ರಶ್ನೆ.

ಶೆಣೈ ಮೂಲತಃ ಎಲೆಕ್ಟ್ರಿಕಲ್ ಇಂಜಿನಿಯರ್. 1995ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದ ಬಳಿಕ ದಾರಿ ಬದಲಿಸಿ, ಕ್ಯಾಲ್ಟೆಕ್ ಸಂಸ್ಥೆಯಲ್ಲಿ ರಿಚರ್ಡ್ ಆ್ಯಂಡರ್ಸನ್ ಅವರ ಬಳಿ ಮೆದುಳಿನ ವಿಜ್ಞಾನ ಕಲಿತರು. 2001ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು. ಕೈ ಚಾಚುವ ಮುನ್ನ ಮೆದುಳು ಹೇಗೆ ಸಿದ್ಧಗೊಳ್ಳುತ್ತದೆ ಎಂಬುದನ್ನು ವರ್ಷಗಟ್ಟಲೆ ಕೋತಿಗಳಲ್ಲಿ ಅಭ್ಯಸಿಸಿದರು. ನರಕೋಶಗಳನ್ನು ಬಿಡಿಬಿಡಿಯಾಗಿ ನೋಡದೆ, ಅನೇಕ ಕೋಶಗಳ ಚಟುವಟಿಕೆಯನ್ನು ಒಟ್ಟಾಗಿ ಗಣಿತದ ಮೂಲಕ ಓದುವುದು ಅವರ ಪದ್ಧತಿಯಾಗಿತ್ತು. ಇದರಿಂದ ಲಾಭವೇನು ಎಂದು ಆಗ ಯಾರಾದರೂ ಕೇಳಿದ್ದರೆ ತಕ್ಷಣ ತೋರಿಸಲು ಅವರ ಬಳಿ ಹೆಚ್ಚೇನೂ ಇರಲಿಲ್ಲ.

ಫಲ ಕಂಡದ್ದು ನಿಧಾನವಾಗಿ. ನರಶಸ್ತ್ರಚಿಕಿತ್ಸಕ ಜೇಮಿ ಹೆಂಡರ್ಸನ್ ಮತ್ತು ಶೆಣೈ ಅವರ ತಂಡ 2021ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿತು. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿದ್ದ 65ರ ವ್ಯಕ್ತಿಯೊಬ್ಬರ ಮೆದುಳಿನಲ್ಲಿ ಪುಟ್ಟ ಎಲೆಕ್ಟ್ರೋಡ್ ಫಲಕಗಳನ್ನು ಅಳವಡಿಸಲಾಗಿತ್ತು. ಕಾಗದದ ಮೇಲೆ ಪೆನ್ನಿನಿಂದ ಬರೆಯುತ್ತಿದ್ದೇನೆ ಎಂದು ಅವರು ಮನಸ್ಸಿನಲ್ಲಿ ಪ್ರಯತ್ನಿಸಿದರೆ ಸಾಕು, ಅಕ್ಷರಗಳು ಪರದೆಯ ಮೇಲೆ ಮೂಡಿದವು. ವೇಗ ನಿಮಿಷಕ್ಕೆ 90 ಅಕ್ಷರ. ಕೈ ನಿಂತು ವರ್ಷಗಳಾದರೂ ಮೆದುಳು ಬರವಣಿಗೆಯನ್ನು ಮರೆತಿರಲಿಲ್ಲ! 2023ರ ಆಗಸ್ಟ್‌ನಲ್ಲಿ, ಅಂದರೆ ಶೆಣೈ ತೀರಿಕೊಂಡ ಏಳು ತಿಂಗಳ ನಂತರ, ಅವರ ತಂಡದ ಮತ್ತೊಂದು ಸಂಶೋಧನೆ ಹೊರಬಂತು. ಎಎಲ್‌ಎಸ್ ಕಾಯಿಲೆಯಿಂದ ಸ್ನಾಯುಗಳ ಬಲ ಕುಂದಿ, ಸ್ಪಷ್ಟ ಮಾತು ಕಳೆದುಕೊಂಡಿದ್ದ ಮಹಿಳೆಯೊಬ್ಬರು ಮಾತನಾಡಲು ಯತ್ನಿಸಿದಾಗ ಯಂತ್ರ ಅದನ್ನು ನಿಮಿಷಕ್ಕೆ 62 ಪದಗಳಂತೆ ಬರೆದುಕೊಟ್ಟಿತು. ಸುಮಾರು ನಾಲ್ಕು ಪದಗಳಲ್ಲಿ ಒಂದು ತಪ್ಪುತ್ತಿತ್ತು. ಮರುವರ್ಷವೇ ಕ್ಯಾಲಿಫೋರ್ನಿಯಾದ ಡೇವಿಸ್‌ನ ತಂಡ ಮತ್ತೊಬ್ಬ ರೋಗಿಯಲ್ಲಿ ಆ ತಪ್ಪನ್ನು ನೂರಕ್ಕೆ ಮೂರರ ಆಸುಪಾಸಿಗೆ ಇಳಿಸಿತು. ಅದರ ಮುಂದಾಳುಗಳಲ್ಲೊಬ್ಬರಾದ ಸೆರ್ಗೆಯ್ ಸ್ಟಾವಿಸ್ಕಿ ಶೆಣೈ ಅವರ ಶಿಷ್ಯರು.

ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಪಾರ್ಶ್ವವಾಯುವಿನಿಂದ ಮೆದುಳಿನ ಭಾಷೆಯ ಭಾಗವೇ ಹಾಳಾಗಿದ್ದರೆ ಸದ್ಯಕ್ಕೆ ಇದರಿಂದ ಉಪಯೋಗವೂ ಇಲ್ಲ. ಆದರೂ, ಬ್ಯಾಂಕಿನ ಕೌಂಟರಿನ ಮುಂದೆ ಬರುವ, ನಾಲಿಗೆ ಹೊರಳದೆ ಮಗನ ಮುಖ ನೋಡುವ ಪಿಂಚಣಿದಾರರನ್ನು ಬಲ್ಲವರಿಗೆ ನಿಮಿಷಕ್ಕೆ 62 ಪದ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕನ್ನಡದ ವಿಚಾರ. ಆ ಯಂತ್ರ ಓದಿದ್ದು ಇಂಗ್ಲಿಷಿನ 39 ಧ್ವನಿಗಳನ್ನು. ಆ ಧ್ವನಿಗಳನ್ನು ಪದಗಳಾಗಿ, ವಾಕ್ಯಗಳಾಗಿ ಜೋಡಿಸಲು ಸವಾ ಲಕ್ಷ ಇಂಗ್ಲಿಷ್ ಪದಗಳ ಪಟ್ಟಿಯೂ ರಾಶಿ ಇಂಗ್ಲಿಷ್ ಬರಹವೂ ನೆರವಾದವು. ನಮ್ಮ 'ಹಲ್ಲಿ'ಗೂ 'ಹಳ್ಳಿ'ಗೂ ಇರುವ ಅಂತರ ಅದಕ್ಕೆ ಗೊತ್ತಿಲ್ಲ. 'ಹೋಗಬೇಕಾಗಿತ್ತಲ್ಲ' ಎಂದು ನಾವು ಒಂದೇ ಉಸಿರಿಗೆ ಆಡುವ ಪದವನ್ನು ಯಾವ ಪಟ್ಟಿಯಲ್ಲಿ ಹುಡುಕುವುದು? ಹಾಗೆಂದು ಇದು ಅಸಾಧ್ಯವಲ್ಲ. 2024ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಸಂಶೋಧಕರು ಒಬ್ಬರೇ ರೋಗಿಯಿಂದ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಓದಿ ತೋರಿಸಿದ್ದಾರೆ. ಮನೆಯಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು, ಲೋಕಲ್ ಟ್ರೇನಿನಲ್ಲಿ ಮತ್ತೊಂದು ಭಾಷೆ ಆಡುವ ನಮಗೆ ಇದು ಬಹಳ ಮುಖ್ಯವಾದ ಸುದ್ದಿ.

ಕನ್ನಡದ ಅಚ್ಚಾದ ಬರಹಕ್ಕೆ ಕೊರತೆಯಿಲ್ಲ. ಆದರೆ ಪತ್ರಿಕೆಗಳ ಕನ್ನಡವನ್ನಷ್ಟೇ ಓದಿದ ಯಂತ್ರ, 'ಸ್ವಲ್ಪ ನೀರ್ ಕೊಡೇ' ಎನ್ನಲು ಹೊರಟ ಅಜ್ಜನ ಬಾಯಲ್ಲಿ 'ನೀರನ್ನು ಒದಗಿಸಿರಿ' ಎಂದು ನುಡಿಸಿದರೆ ಅಜ್ಜಿ ಗಾಬರಿಯಾದಾಳು. ಬೇಕಿರುವುದು ಆಡುಮಾತು: ಕುಂದಾಪುರದ್ದು, ಧಾರವಾಡದ್ದು, ಮೈಸೂರಿನದ್ದು, ಮರಾಠಿ ಬೆರೆತ ನಮ್ಮ ಮುಂಬಯಿಯದ್ದು. ಇಷ್ಟೂ ಬಗೆಯ ಮಾತು ಒಂದೇ ಸೂರಿನಡಿ ಕೇಳಿಸುವುದು ಹೊರನಾಡಿನ ಕನ್ನಡ ಸಂಘಗಳಲ್ಲಿ.

ನಮ್ಮ ಸಂಘಗಳು ವಾರ್ಷಿಕೋತ್ಸವದಲ್ಲಿ ಹಿರಿಯ ಸದಸ್ಯರಿಗೆ ಶಾಲು, ಫಲಪುಷ್ಪ ನೀಡಿ ಸನ್ಮಾನಿಸುತ್ತವೆ. ಅದು ನಡೆಯಲಿ. ಅದರ ಜತೆಗೆ ಆ ಹಿರಿಯರನ್ನು ಕೂರಿಸಿ, ಅವರ ಒಪ್ಪಿಗೆ ಪಡೆದು, ಒಂದು ಗಂಟೆಯ ಮಾತುಕತೆಯನ್ನು ಮೊಬೈಲಿನಲ್ಲೇ ಧ್ವನಿಮುದ್ರಿಸಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡಬಹುದಲ್ಲವೇ? ಬರೆಯುವ ಕೆಲಸಕ್ಕೆ ನಿವೃತ್ತ ಶಿಕ್ಷಕರಿದ್ದಾರೆ, ಕಂಪ್ಯೂಟರಿಗೆ ಯುವ ವಿಭಾಗದವರಿದ್ದಾರೆ. ಮಾತಿನ ದೋಷಗಳ ಚಿಕಿತ್ಸೆ, ಸಂಶೋಧನೆಗೆಂದೇ 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಯಾವ ಬಗೆಯ ಧ್ವನಿಮುದ್ರಣ ಉಪಯೋಗಕ್ಕೆ ಬರುತ್ತದೆ ಎಂದು ಕಾರ್ಯದರ್ಶಿಗಳು ಅಲ್ಲಿಗೊಂದು ಪತ್ರ ಬರೆದು ವಿಚಾರಿಸಲಿ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೊಂದು ಸಾಲು ಸಿಗಲಿ.