ಏಣಿಯೂ ಬೆಳ್ಳಿತೆರೆಯೂ

ಮೊಪಾಸಾನ ‘ಬೆಲ್ ಆಮಿ’ ಕಾದಂಬರಿ ಪ್ಯಾರಿಸ್ಸಿನ ಮದ್ಲೇನ್ ಚರ್ಚಿನ ಮೆಟ್ಟಿಲುಗಳ ಮೇಲೆ ಮುಗಿಯುತ್ತದೆ. ಮೊದಲ ಪುಟದಲ್ಲಿ ಊಟದ ಹಣ ತೆತ್ತ ಮೇಲೆ ತಿಂಗಳ ಕೊನೆಯವರೆಗೆ ಮೂರು ಫ್ರಾಂಕು ನಲವತ್ತು ಸಾಂತೀಮುಗಳು ಮಾತ್ರ ಜೇಬಿನಲ್ಲುಳಿದಿದ್ದ ಜಾರ್ಜ್ ದ್ಯುರುವಾ ಎಂಬ ರೈಲ್ವೆ ಕಚೇರಿಯ ಗುಮಾಸ್ತ, ಕೊನೆಯ ಪುಟದಲ್ಲಿ ಪತ್ರಿಕಾಧಿಪತಿಯ ಮಗಳನ್ನು ಮದುವೆಯಾಗಿ, ತಾನೇ ಸೃಷ್ಟಿಸಿಕೊಂಡ ಶ್ರೀಮಂತ ಹೆಸರೊಂದನ್ನು ಧರಿಸಿ, ಜನಸಂದಣಿಯ ಕಣ್ಣೆದುರು ಇಳಿದುಬರುತ್ತಾನೆ. ತಲೆಯೆತ್ತಿದರೆ ನದಿಯಾಚೆ ಪ್ರತಿನಿಧಿಸಭೆಯ ಭವನ ಕಾಣಿಸುತ್ತದೆ. ಮುಂದಿನ ನೆಗೆತ ಎಲ್ಲಿಗೆಂಬುದರಲ್ಲಿ ಅವನಿಗೂ ಸಂದೇಹವಿಲ್ಲ, ನಮಗೂ ಇಲ್ಲ. ಇದು 1885ರ ಕೃತಿ. ಇದನ್ನು 1947ರಲ್ಲಿ ಹಾಲಿವುಡ್ಡಿನ ಆಲ್ಬರ್ಟ್ ಲೂಯಿನ್ ಚಿತ್ರವಾಗಿಸಿದಾಗ ಜಾರ್ಜ್ ಸ್ಯಾಂಡರ್ಸ್ ಅಭಿನಯಿಸಿದ ಅದೇ ನಾಯಕ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ಸಾಯುತ್ತಾನೆ. ಪಾಪಿಗೆ ತಕ್ಕ ಶಾಸ್ತಿಯಾಯಿತೆಂದು ಪ್ರೇಕ್ಷಕರು ನೆಮ್ಮದಿಯಿಂದ ಮನೆಗೆ ಹೋಗಬಹುದು.

ಆ ಕಾಲದ ಅಮೆರಿಕದಲ್ಲಿ ಚಿತ್ರೋದ್ಯಮ ತಾನೇ ರಚಿಸಿಕೊಂಡು 1934ರಿಂದ ಬಿಗಿಯಾಗಿ ಜಾರಿಗೆ ತಂದಿದ್ದ ನೀತಿಸಂಹಿತೆಯೊಂದಿತ್ತು. ದುಷ್ಟನು ಗೆದ್ದು ನಗುನಗುತ್ತ ಹೊರಟುಹೋಗುವ ಕತೆಗೆ ಅದು ಎಡೆಗೊಡುತ್ತಿರಲಿಲ್ಲ. ನಿರ್ದೇಶಕನೊಬ್ಬನ ಮೇಲೆಯೇ ತಪ್ಪು ಹೊರಿಸುವುದು ನ್ಯಾಯವಲ್ಲ. ಆದರೆ ಆ ಒಂದು ಗುಂಡಿನಿಂದ ಸತ್ತದ್ದು ದ್ಯುರುವಾ ಒಬ್ಬನೇ ಅಲ್ಲ, ಕಾದಂಬರಿಯ ಆಪಾದನೆಯೂ ಅದರೊಡನೆಯೇ ಸತ್ತಿತು. ಮೊಪಾಸಾ ಆಪಾದಿಸಿದ್ದು ಏಣಿ ಹತ್ತಿದವನನ್ನಲ್ಲ, ಆ ಏಣಿಯನ್ನು ಹಾಕಿಕೊಟ್ಟ ಮನೆಯನ್ನು. ದ್ಯುರುವಾನ ಮೊದಲ ಲೇಖನವನ್ನು ಬರೆದುಕೊಟ್ಟವಳು ಗೆಳೆಯನ ಹೆಂಡತಿ. ಅವನ ಪತ್ರಿಕೆಯ ಒಡೆಯನಾದರೋ ಸರಕಾರದ ದಂಡಯಾತ್ರೆಯ ಗುಟ್ಟನ್ನು ಮುಂಚೆಯೇ ತಿಳಿದು ಸಾಲಪತ್ರಗಳ ವ್ಯಾಪಾರದಲ್ಲಿ ಕೋಟಿಗಟ್ಟಲೆ ಗಳಿಸಿದವನು. (ಪತ್ರಿಕೆಯವರೇ ಆದ ನಮಗೆ ಈ ಕಾದಂಬರಿಯನ್ನೋದುವಾಗ ಅಲ್ಲಲ್ಲಿ ಕುಳಿತಲ್ಲೇ ಸರಿದು ಕೂರಬೇಕೆನಿಸುವುದನ್ನು ಒಪ್ಪಿಕೊಳ್ಳುತ್ತೇವೆ.) ಅಂಥ ಮನೆಯಲ್ಲಿ ಅಂಥವನು ಗೆಲ್ಲದೆ ಮತ್ತಾರು ಗೆಲ್ಲಬೇಕು? ಅವನ ಗೆಲುವೇ ಕಾದಂಬರಿಕಾರ ಕೊಟ್ಟ ತೀರ್ಪು. ಅದನ್ನು ಸೋಲಾಗಿಸಿದ ಚಿತ್ರ ಸಮಾಜವನ್ನು ಬಿಡುಗಡೆ ಮಾಡಿ, ವ್ಯಕ್ತಿಯನ್ನು ಗಲ್ಲಿಗೇರಿಸಿತು.

ಕಾದಂಬರಿಯನ್ನು ಓದುವುದಕ್ಕೆ ಬದಲಾಗಿ ಚಿತ್ರವನ್ನು ನೋಡಿಬಿಡುವ ಅಭ್ಯಾಸ ಇಂದು ವಿದ್ಯಾರ್ಥಿಗಳಲ್ಲಿ ಬೇರೂರಿದೆ. ತರಗತಿಯಲ್ಲಿಯೇ ಚಿತ್ರವನ್ನು ತೋರಿಸಿ ಪಾಠ ಮುಗಿಸುವ ಅಧ್ಯಾಪಕರೂ ಇಲ್ಲದಿಲ್ಲ. ನಾವು ಚಲಚ್ಚಿತ್ರದ ವೈರಿಗಳಲ್ಲ. ‘ಚಿತ್ರ ಮೂಲಕ್ಕೆ ನಿಷ್ಠವಾಗಿದೆಯೆ’ ಎಂಬ ಹಳೆಯ ಪ್ರಶ್ನೆ ಬಹುಪಾಲು ನಿರರ್ಥಕವೆಂದೇ ನಮ್ಮ ಭಾವನೆ. ಪಾತ್ರದ ಹೆಸರು ಬದಲಾದರೆ ಆಕಾಶವೇನೂ ಕಳಚಿ ಬೀಳದು. ಆದರೆ ಕೆಳಗಿನಿಂದ ಮೇಲೇರಬಯಸಿದ ತರುಣನ ಕತೆಯನ್ನು ಓದುವ ವಿದ್ಯಾರ್ಥಿ ಬಹುಮಟ್ಟಿಗೆ ತನ್ನ ಕತೆಯನ್ನೇ ಓದುತ್ತಿರುತ್ತಾನೆ. ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿ, ನಗರದ ಹಾಸ್ಟೆಲಿನಲ್ಲಿದ್ದುಕೊಂಡು, ತನ್ನ ಮಾತಿನ ಧಾಟಿಗೆ ತಾನೇ ನಾಚುವ ಹುಡುಗನೂ ಹುಡುಗಿಯೂ ಸ್ತೆಂದಾಲನ ಜ್ಯೂಲಿಯನ್ ಸೊರೆಲನನ್ನು ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಕಾಣಲಾರರು. ‘ಏರಲು ಹೊರಟದ್ದೇ ನಿನ್ನ ತಪ್ಪು’ ಎಂದು ಅವರಿಗೆ ಹೇಳುವುದಕ್ಕೂ ‘ಏರಬೇಕಾದವನಿಗೆ ಈ ಮನೆ ಎಂತಹ ಬಾಗಿಲನ್ನಿಟ್ಟಿದೆ, ನೋಡು’ ಎಂದು ತೋರಿಸುವುದಕ್ಕೂ ಅಜಗಜಾಂತರವಿದೆ.

ಸ್ತೆಂದಾಲನ ‘ಕೆಂಪು ಮತ್ತು ಕಪ್ಪು’ 1830ರಲ್ಲಿ ಪ್ರಕಟವಾದುದು. ಮರ ಕೊಯ್ಯುವವನ ಮಗ ಜ್ಯೂಲಿಯನ್ ನ್ಯಾಯಾಲಯದಲ್ಲಿ ನಿಂತು, ತನ್ನನ್ನು ತೂಗಲು ಕುಳಿತ ಪಂಚರಲ್ಲಿ ತನ್ನ ವರ್ಗದವನೊಬ್ಬನೂ ಇಲ್ಲವೆಂದೂ, ಕೀಳು ಅಂತಸ್ತಿನಲ್ಲಿ ಹುಟ್ಟಿ ವಿದ್ಯೆ ಕಲಿತು ಶ್ರೀಮಂತರ ನಡುವೆ ಬೆರೆಯುವ ಧೈರ್ಯ ಮಾಡಿದ ತರುಣರೆಲ್ಲರಿಗೂ ತನ್ನ ಮೂಲಕ ಪಾಠ ಕಲಿಸಲಾಗುತ್ತಿದೆಯೆಂದೂ ಹೇಳುತ್ತಾನೆ. ಕ್ಲೋದ್ ಓತಾಂ ಲಾರಾ 1954ರಲ್ಲಿ ಈ ಕೃತಿಯನ್ನು ವರ್ಣಚಿತ್ರವಾಗಿಸಿದಾಗ ಕತೆಯನ್ನು ಈ ನ್ಯಾಯಾಲಯದಿಂದಲೇ ಆರಂಭಿಸಿದ. ಅದು ದಿಟ್ಟ ಹೆಜ್ಜೆಯೆಂಬುದರಲ್ಲಿ ಅನುಮಾನವಿಲ್ಲ. ಹತ್ತೊಂಬತ್ತರ ತರುಣನಾಗಿ ಮೂವತ್ತು ದಾಟಿದ ಜೆರಾರ್ ಫಿಲಿಪ್ ಅಭಿನಯಿಸಿದ್ದೂ ಅಷ್ಟೇನೂ ಬಾಧಕವಲ್ಲ. ಕಳೆದುಹೋದದ್ದು ಬೇರೆ. ಜ್ಯೂಲಿಯನ್ ಒಳಗೇ ಲೆಕ್ಕ ಹಾಕುವ ಮನುಷ್ಯ. ಮದಾಮ್ ದ ರೆನಾಲಳ ಕೈ ಹಿಡಿಯುವುದು ಕೂಡ ಅವನಿಗೆ ಮೊದಲು ತಾನೇ ವಿಧಿಸಿಕೊಂಡ ಕರ್ತವ್ಯ, ಅನಂತರ ಪ್ರೇಮ. ಆ ಲೆಕ್ಕಾಚಾರವನ್ನು ಸ್ತೆಂದಾಲ್ ಪಕ್ಕದಲ್ಲೇ ನಿಂತು, ಒಂದಿಷ್ಟು ನಕ್ಕು, ಒಂದಿಷ್ಟು ಮರುಗಿ ಹೇಳುತ್ತಾನೆ. ತೆರೆಯ ಮೇಲೆ ಉಳಿಯುವುದು ಸುಂದರ ಪುರುಷನೊಬ್ಬ ಸುಂದರ ಸ್ತ್ರೀಯೊಬ್ಬಳ ಕೈ ಹಿಡಿಯುವ ದೃಶ್ಯ.

ಕಾದಂಬರಿಯಲ್ಲಿ ಏಣಿ ಹತ್ತುವವನ ಜೊತೆಗೆ ಸದಾ ಇನ್ನೊಂದು ಧ್ವನಿಯಿರುತ್ತದೆ. ಕ್ಯಾಮೆರಾಕ್ಕಾದರೋ ವಿಲಾಸವನ್ನು ಕಂಡರೆ ಸಹಜವಾಗಿಯೇ ಮೋಹ. ದೀಪಗುಚ್ಛ, ರೇಷ್ಮೆ, ಸಾರೋಟು, ಮುತ್ತಿನ ಹಾರ — ಬಡ ಗುಮಾಸ್ತ ಯಾವುದಕ್ಕೆ ಕಣ್ಣರಳಿಸುತ್ತಾನೋ ಅದಕ್ಕೇ ಅದೂ ಕಣ್ಣರಳಿಸುತ್ತದೆ. ಫಿಟ್ಜ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯನ್ನು 1926, 1949, 1974 ಮತ್ತು 2013ರಲ್ಲಿ ಹೀಗೆ ನಾಲ್ಕು ಬಾರಿ ಹಾಲಿವುಡ್ ಚಿತ್ರವಾಗಿಸಿದೆ. ಅವುಗಳಲ್ಲಿ ಕೊನೆಯದನ್ನು ನೋಡಿ ಬಂದವರು ನೆನೆಯುವುದು ಆ ಮನೆಯ ಔತಣಕೂಟಗಳನ್ನೇ. ಅವು ಎಷ್ಟು ಟೊಳ್ಳೆಂಬುದನ್ನು ತೋರಿಸುವುದಕ್ಕಾಗಿ ಬರೆದ ಪುಸ್ತಕ ಅದು!

ಆದರೆ ಈ ಮೋಹವನ್ನೇ ಕತೆಯ ಒಳಗುಟ್ಟಾಗಿ ಬಳಸಿಕೊಂಡ ಚಿತ್ರವೊಂದಿದೆ. ಥಿಯೊಡೋರ್ ಡ್ರೈಸರನ ‘ಆ್ಯನ್ ಅಮೆರಿಕನ್ ಟ್ರ್ಯಾಜೆಡಿ’ 1925ರ ಬೃಹತ್ಕೃತಿ. 1906ರಲ್ಲಿ ನ್ಯೂಯಾರ್ಕ್ ರಾಜ್ಯದ ಸರೋವರವೊಂದರಲ್ಲಿ ನಡೆದ ಕೊಲೆಯನ್ನು ಆಧರಿಸಿದ್ದು. ಬೀದಿಯಲ್ಲಿ ಧರ್ಮೋಪದೇಶ ಮಾಡುವ ಬಡ ದಂಪತಿಗಳ ಮಗ ಕ್ಲೈಡ್, ಹೋಟೆಲಿನ ಸೇವಕನಾಗಿ, ಸಿರಿವಂತ ದೊಡ್ಡಪ್ಪನ ಕಾಲರ್ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಕಾರ್ಮಿಕಳೊಬ್ಬಳನ್ನು ಬಸುರಾಗಿಸಿ, ಶ್ರೀಮಂತ ಹುಡುಗಿಯೊಬ್ಬಳ ಒಲವು ಕೈಗೆಟುಕುವಂತಾದಾಗ ಮೊದಲಿನವಳನ್ನು ಸರೋವರಕ್ಕೆ ಕರೆದೊಯ್ಯುತ್ತಾನೆ. 1930ರಲ್ಲಿ ಹಾಲಿವುಡ್ಡಿಗೆ ಬಂದ ರಷ್ಯದ ಐಸೆನ್‌ಸ್ಟೈನ್ ಇದಕ್ಕೊಂದು ಚಿತ್ರಕಥೆ ಬರೆದುಕೊಟ್ಟ. ಪ್ಯಾರಮೌಂಟ್ ಸಂಸ್ಥೆ ಅದನ್ನು ತಿರಸ್ಕರಿಸಿತು. ಮರುವರ್ಷ ಅದೇ ಸಂಸ್ಥೆಗಾಗಿ ಸ್ಟರ್ನ್‌ಬರ್ಗ್ ಮಾಡಿದ ಚಿತ್ರವನ್ನು ಕಂಡು ಡ್ರೈಸರ್ ಕೋರ್ಟಿಗೆ ಹೋದ. ಸಮಾಜದ ಕತೆಯನ್ನು ಬರಿಯ ಕೊಲೆಯ ಕತೆಯಾಗಿಸಿದ್ದಾರೆಂಬುದು ಅವನ ದೂರು. ದಾವೆ ಸೋತಿತು. ನಮ್ಮ ದೃಷ್ಟಿಯಲ್ಲಿ ದೂರು ಮಾತ್ರ ಇಂದಿಗೂ ಸೋತಿಲ್ಲ.

ಡ್ರೈಸರ್ ತೀರಿಕೊಂಡ ಆರು ವರ್ಷಗಳ ಮೇಲೆ, 1951ರಲ್ಲಿ, ಜಾರ್ಜ್ ಸ್ಟೀವನ್ಸ್ ಇದನ್ನೇ ‘ಎ ಪ್ಲೇಸ್ ಇನ್ ದಿ ಸನ್’ ಎಂದು ಮತ್ತೆ ಚಿತ್ರಿಸಿದ. ಅದಕ್ಕೆ ಆರು ಅಕಾಡೆಮಿ ಪ್ರಶಸ್ತಿಗಳು ಬಂದುವು. ಬಾಲ್ಯದ ಬೀದಿ, ಹೋಟೆಲಿನ ದಿನಗಳು ಎಲ್ಲವನ್ನೂ ಕತ್ತರಿಸಿ, ಹೆದ್ದಾರಿಯಲ್ಲಿ ಸವಾರಿಗಾಗಿ ಕೈಯೊಡ್ಡಿ ನಿಂತ ತರುಣನಿಂದ ಚಿತ್ರ ತೊಡಗುತ್ತದೆ. ಶ್ರೀಮಂತ ಕನ್ಯೆ ಎಲಿಜಬೆತ್ ಟೇಲರ್. ಕಾರ್ಮಿಕ ಹುಡುಗಿ ಶೆಲ್ಲಿ ವಿಂಟರ್ಸ್. ಕಾದಂಬರಿಯ ರಾಬರ್ಟಾ ಚೆಲುವೆ, ಜೀವಂತಿಕೆಯುಳ್ಳವಳು. ಚಿತ್ರದ ಆ್ಯಲಿಸ್ ಮಂಕು, ಗೊಣಗುವವಳು. ಟೇಲರಳ ಮುಖವಾದರೋ ತೆರೆಯನ್ನೆಲ್ಲ ತುಂಬುವಷ್ಟು ಹತ್ತಿರಕ್ಕೆ ಬರುತ್ತದೆ. ಫಲವೇನೆಂದರೆ, ದೋಣಿ ಸರೋವರದ ನಡುವಿಗೆ ಹೋಗುವ ಹೊತ್ತಿಗೆ, ಈ ಬಡಪಾಯಿ ಹೆಣ್ಣು ಹೇಗಾದರೂ ಇಲ್ಲವಾದರೆ ಸಾಕೆಂದು ಪ್ರೇಕ್ಷಕನ ಮನಸ್ಸಿನ ಮೂಲೆಯೊಂದು ಬಯಸತೊಡಗಿರುತ್ತದೆ. ಇದನ್ನು ಕೆಲವು ವಿಮರ್ಶಕರು ಚಿತ್ರದ ದೋಷವೆಂದೆಣಿಸಿದ್ದಾರೆ. ನಮಗೆ ಅದು ಚಿತ್ರದ ಅತ್ಯಂತ ನಿಜವಾದ ಕ್ಷಣವಾಗಿ ಕಾಣುತ್ತದೆ. ಪ್ರೇಕ್ಷಕ ಕ್ಲೈಡನನ್ನು ತೂಗುವ ಪಂಚನಾಗಿ ಉಳಿಯದೆ, ಅವನ ಪಕ್ಕದಲ್ಲಿ ಕುಳಿತು ಹುಟ್ಟು ಹಾಕುವವನಾಗಿಬಿಡುತ್ತಾನೆ.

ಹಾಗಿದ್ದೂ ಕೊನೆಗೆ ಚಿತ್ರ ಮತ್ತೆ ಪ್ರಣಯದ ಕಡೆಗೇ ಜಾರುತ್ತದೆ. ತರುಣ ಮರಣದಂಡನೆಯ ಕೋಣೆಗೆ ನಡೆಯುವಾಗ ಅವನ ಮುಖದ ಮೇಲೆ ಟೇಲರಳ ಚುಂಬನದ ಬಿಂಬ ತೇಲುತ್ತದೆ. ಡ್ರೈಸರನ ಕೊನೆಯ ಪುಟ ಬೇರೆಯೇ. ಮಗನನ್ನು ಕಳೆದುಕೊಂಡ ಅದೇ ತಾಯಿ ಸಂಜೆಯ ಹೊತ್ತು ಇನ್ನೊಂದು ನಗರದ ಬೀದಿಯಲ್ಲಿ ಧರ್ಮಗೀತೆ ಹಾಡಲು ನಿಂತಿದ್ದಾಳೆ. ಜೊತೆಯಲ್ಲಿ ಈಗ ಮೊಮ್ಮಗ. ಅವನು ಐಸ್‌ಕ್ರೀಮಿಗಾಗಿ ಕಾಸು ಕೇಳುತ್ತಾನೆ. ಮುದುಕಿ ಈ ಸಲ ಕೊಡುತ್ತಾಳೆ. ಕತೆ ಮತ್ತೆ ಮೊದಲಾಗುತ್ತಿದೆಯೆಂಬ ಭಯ ಓದುಗನ ಎದೆಯನ್ನು ಹಿಂಡುತ್ತದೆ.

ಥ್ಯಾಕರೆಯ ‘ವ್ಯಾನಿಟಿ ಫೇರ್’ (1847-48) ನಮ್ಮ ಅಧ್ಯಾಪಕರಿಗೆ ಹಳೆಯ ನೆಂಟ. ಮಮೂಲಿಯನ್ 1935ರಲ್ಲಿ ಅದನ್ನು ‘ಬೆಕಿ ಶಾರ್ಪ್’ ಎಂದು ಚಿತ್ರಿಸಿದ. ಮೂರು ವರ್ಣಗಳ ಟೆಕ್ನಿಕಲರ್ ಪದ್ಧತಿಯಲ್ಲಿ ತಯಾರಾದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂಬುದೇ ಅದರ ಮುಖ್ಯ ಹೆಗ್ಗಳಿಕೆ. ಮೀರಾ ನಾಯರ್ 2004ರಲ್ಲಿ ಮಾಡಿದ ಚಿತ್ರ ನಮಗೆ ಇನ್ನೂ ಹತ್ತಿರದ್ದು. ಥ್ಯಾಕರೆ ಹುಟ್ಟಿದ್ದು ಕಲ್ಕತ್ತೆಯಲ್ಲಿ, 1811ರಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ಹಣ ಆ ಕಾದಂಬರಿಯ ನರನಾಡಿಗಳಲ್ಲಿ ಹರಿಯುತ್ತದೆ. ನಾಯರ್ ಅದನ್ನು ಗುರುತಿಸಿದ್ದು ಸೂಕ್ಷ್ಮದೃಷ್ಟಿಯೇ ಸರಿ. ಆದರೆ ಚಿತ್ರದ ಕೊನೆಗೆ ಬೆಕಿ, ಜೋಸ್ ಸೆಡ್ಲಿಯೊಡನೆ ಭಾರತದಲ್ಲಿ ಆನೆಯ ಮೇಲೆ ಕುಳಿತು ನಗುತ್ತ ಸಾಗುತ್ತಾಳೆ. ಕಾದಂಬರಿಯ ಜೋಸ್ ಮಾಡಿಸಿದ್ದ ಜೀವವಿಮೆಯ ಹಣದಲ್ಲಿ ಅರ್ಧ ಬೆಕಿಯದೆಂದು ಬರೆದಿಟ್ಟು, ಐರೋಪ್ಯ ಊರೊಂದರಲ್ಲಿ ಅನುಮಾನಾಸ್ಪದವಾಗಿ ಸತ್ತುಹೋಗುತ್ತಾನೆ. ಅವಳೇ ಕೊಂದಳೆಂದು ಥ್ಯಾಕರೆ ಎಲ್ಲಿಯೂ ಹೇಳುವುದಿಲ್ಲ. ತಾನೇ ಬರೆದ ಚಿತ್ರವೊಂದರಲ್ಲಿ ಮಾತ್ರ ಅವಳನ್ನು ಪರದೆಯ ಹಿಂದೆ ನಿಲ್ಲಿಸಿ, ಗಂಡನನ್ನು ಕೊಂದ ಗ್ರೀಕ್ ರಾಣಿಯ ಹೆಸರಿಟ್ಟು ಸುಮ್ಮನಾಗುತ್ತಾನೆ. ಮೊಪಾಸಾನ ನಾಯಕನನ್ನು ಕೊಂದದ್ದು ಹೇಗೋ, ಥ್ಯಾಕರೆಯ ನಾಯಕಿಯನ್ನು ಆನೆಯ ಮೇಲೆ ಕೂರಿಸಿದ್ದೂ ಹಾಗೆಯೇ: ಎರಡೂ ಕಡೆ ನೋಡುವವನ ಮುಜುಗರ ತಪ್ಪಿತು.

ಅದೇ ಥ್ಯಾಕರೆಯ 1844ರ ‘ಬ್ಯಾರಿ ಲಿಂಡನ್’ ತೆರೆಯ ಮೇಲೆ ಪಡೆದ ಭಾಗ್ಯ ಬೇರೆ ಬಗೆಯದು. ಅಲ್ಲಿ ನಾಯಕ ತನ್ನ ಕತೆಯನ್ನು ತಾನೇ ಕೊಚ್ಚಿಕೊಳ್ಳುತ್ತಾನೆ, ಕೊಚ್ಚಿಕೊಳ್ಳುತ್ತಲೇ ಸಿಕ್ಕಿಬೀಳುತ್ತಾನೆ. ಸ್ಟ್ಯಾನ್ಲಿ ಕ್ಯೂಬ್ರಿಕ್ 1975ರಲ್ಲಿ ಆ ಬಡಾಯಿಯನ್ನು ತೆಗೆದುಹಾಕಿ, ಶಾಂತ ಸ್ವರದ ನಿರೂಪಕನೊಬ್ಬನನ್ನು ನೇಮಿಸಿದ. ಅಷ್ಟಕ್ಕೇ ನಿಲ್ಲದೆ ಕ್ಯಾಮೆರಾಕ್ಕೂ ಒಂದು ಮನೋಧರ್ಮ ಕೊಟ್ಟ. ದೃಶ್ಯ ಒಂದು ಮುಖದಿಂದಲೋ ಕೈಯಿಂದಲೋ ಆರಂಭವಾಗಿ ನಿಧಾನವಾಗಿ ಹಿಂದೆ ಸರಿಯುತ್ತ, ಉದ್ಯಾನ, ಅರಮನೆ, ಬೆಟ್ಟಗಳೆಲ್ಲ ಒಳಬಂದು, ಕೊನೆಗೆ ಮನುಷ್ಯ ಭೂದೃಶ್ಯದ ಪಟದಲ್ಲಿನ ಚುಕ್ಕೆಯಾಗುತ್ತಾನೆ. ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ ಝೈಸ್ ಕಂಪೆನಿ ತಯಾರಿಸಿದ್ದ ಮಸೂರಗಳನ್ನು ತಂದು, ಬರಿಯ ಮೇಣದಬತ್ತಿಯ ಬೆಳಕಿನಲ್ಲಿ ಇಸ್ಪೀಟಿನ ಮೇಜುಗಳನ್ನು ಚಿತ್ರಿಸಿದ. ವೈಭವಕ್ಕೇನೂ ಕೊರತೆಯಿಲ್ಲ, ಆದರೆ ನೋಡುವವನಿಗೆ ಒಳಹೋಗಬೇಕೆನಿಸುವುದಿಲ್ಲ. ಕ್ಯೂಬ್ರಿಕ್ ಕತೆಯನ್ನು ಬೇಕಾದಷ್ಟು ಬದಲಿಸಿದ್ದಾನೆ. ಕೊನೆಯ ದ್ವಂದ್ವಯುದ್ಧ ಮೂಲದಲ್ಲಿಲ್ಲ. ಥ್ಯಾಕರೆಯ ಬ್ಯಾರಿ ಸಾಲಗಾರರ ಸೆರೆಮನೆಯಲ್ಲಿ ಮುಗಿದರೆ, ಚಿತ್ರದವನು ಒಂದು ಕಾಲು ಕಳೆದುಕೊಂಡು ಗಾಡಿ ಹತ್ತುತ್ತಾನೆ. ಆದರೂ ಮೂಲದ ವ್ಯಂಗ್ಯದ ಧ್ವನಿ ಅಲ್ಲಿ ಕೇಳುತ್ತದೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮ ಸೂಚನೆ ಇಷ್ಟೆ. ಚಿತ್ರವನ್ನು ಧಾರಾಳವಾಗಿ ತೋರಿಸಲಿ. ಆದರೆ ಪುಸ್ತಕ ಓದಿಸಿದ ಮೇಲೆ ತೋರಿಸಲಿ. ಕಾಲ ಸಾಲದಿದ್ದರೆ ‘ಬೆಲ್ ಆಮಿ’ಯ ಕೊನೆಯ ಅಧ್ಯಾಯವನ್ನಾದರೂ ತರಗತಿಯಲ್ಲಿ ಗಟ್ಟಿಯಾಗಿ ಓದಿ, ಅದರ ಬೆನ್ನಿಗೇ 1947ರ ಚಿತ್ರದ ಕೊನೆಯ ಹತ್ತು ನಿಮಿಷಗಳನ್ನು ಹಾಕಲಿ. ಅವನು ಸಾಯಲೇಬೇಕೆಂದು ಬಯಸಿದವರು ಯಾರು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಹಿಂದಿನ ಬೆಂಚಿನ ಹುಡುಗನಿಗೂ ಮಾತಾಡಲು ಅವಕಾಶ ಕೊಡಲಿ.