ಮಣ್ಣು ಎಲ್ಲವನ್ನೂ ನುಂಗಿಕೊಳ್ಳದು



“ಮಣ್ಣಿಗೆ ಬಿದ್ದ ಔಷಧಿ ಮಣ್ಣಿನಲ್ಲೇ ಕರಗಿಹೋಗುತ್ತದೆ” ಎಂಬ ಮಾತನ್ನು ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಇಂದಿಗೂ ಕೇಳುತ್ತೇನೆ. ಇದು ಅಪಾಯಕಾರಿಯಾದ ಅರ್ಧಸತ್ಯ. ಮೊದಲಿಗೆ, ಅದು ಔಷಧಿಯಲ್ಲ, ವಿಷ.

ವಿಷಗಳ ನಡತೆಯೂ ಒಂದೇ ಬಗೆಯದಲ್ಲ. ಎಂಡೋಸಲ್ಫಾನ್ ಮಣ್ಣಿನ ಕಣಗಳಿಗೆ ಅಂಟಿಕೊಂಡು ಧೂಳಿನೊಡನೆ, ಕೊಚ್ಚಿಹೋಗುವ ಮಣ್ಣಿನೊಡನೆ ಸಂಚರಿಸುತ್ತದೆ. ಅದರಿಂದ ಹುಟ್ಟುವ ಸಲ್ಫೇಟ್ ಮೂಲವಸ್ತುವಿಗಿಂತಲೂ ದೀರ್ಘಾಯುಷಿ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಆ ವಿಷದ ನೋವನ್ನು ಅಲ್ಲಿನ ಮನೆಗಳು ಇಂದಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ!

ನುಸಿಪೀಡೆಗೆಂದು ತೆಂಗಿನ ಬೇರಿಗೆ ಕಟ್ಟಿದ ಮೊನೊಕ್ರೊಟೊಫಾಸ್ ಇದಕ್ಕೆ ವಿರುದ್ಧ. ಮಣ್ಣಿಗೆ ಅಂಟದೆ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಬೇಗ ಒಡೆಯುತ್ತದೆ, ನಿಜ. ಒಡೆಯುವ ಮುನ್ನವೇ ಮಳೆ ಬಂದರೆ? ಬೇರಿನಿಂದ ಮರವೇರುವ ವಿಷವಾದ್ದರಿಂದಲೇ 45 ದಿನ ಕಾಯಿ ಕೀಳಬಾರದೆಂಬ ಸೂಚನೆಯಿತ್ತು. ಎಳನೀರಿಗೆ ಬೆಲೆ ಬಂದಾಗ ಅದನ್ನು ಪಾಲಿಸಿದವರೆಷ್ಟು ಮಂದಿ?

2023ರಲ್ಲಿ ಕೇಂದ್ರ ಸರ್ಕಾರ ಅದರ ಶೇ. 36ರ ದ್ರಾವಣವನ್ನು ನಿಷೇಧಿಸಿತು. ಆದರೆ ಅಟ್ಟದ ಮೇಲಿನ ಹಳೆಯ ಬಾಟಲಿಗೆ ಯಾವ ಆಜ್ಞೆಯೂ ತಲುಪದು. ಅದನ್ನು ಬಾವಿಕಟ್ಟೆಯಲ್ಲಿ ತೊಳೆಯಬೇಡಿ, ಕೆರೆಯಂಚಿನಲ್ಲಿ ಚೆಲ್ಲಬೇಡಿ. ತೋಟಕ್ಕೆ ಬೇಲಿಯುಂಟು, ಅಂತರ್ಜಲಕ್ಕೆ ಬೇಲಿಯಿಲ್ಲ. ನಿಮ್ಮ ತೋಟದಲ್ಲಿ ಇಳಿದದ್ದನ್ನು ಕುಡಿಯುವುದು ನೆರೆಮನೆಯ ಮಗುವೂ ಹೌದು, ನಿಮ್ಮದೂ ಹೌದು.